ಬರೆದು ಕೊಡಿ ಎನ್ನುತ್ತಿದ್ದ ಸಾಹೇಬರು

ನಮ್ಮ ಸಾಹೇಬರು ತೀರಿಕೊಂಡ ಹನ್ನೊಂದನೆಯ ದಿನದ ಊಟಕ್ಕೆಂದು ಅಗ್ರಹಾರದ ಅವರ ಮನೆಗೆ ಹೋಗಿದ್ದೆ. ಹಳೆಯ ಕಚೇರಿಯವರು ಕೆಲವರು ಬಂದಿದ್ದರು. ಊಟ ಮುಗಿಸಿ ಜಗಲಿಯ ಮೇಲೆ ಎಲೆಯಡಿಕೆ ಮೆಲ್ಲುತ್ತ ಕುಳಿತವರು ಸಹಜವಾಗಿ ಅವರ ಮಾತೆತ್ತಿದರು. ಅವತ್ತು ಕಮಿಟಿಯ ಎದುರಿಗೆ ಅವರು ಮಾಡಿದ್ದು ದೊಡ್ಡ ತ್ಯಾಗ ಎಂದು ಒಬ್ಬರು ಹೇಳಿದರು. "ತ್ಯಾಗ ಅಲ್ಲ ಕಣ್ರೀ, ತಿಕ್ಕಲು. ಇನ್ನೂ ಐದಾರು ವರ್ಷ ಸರ್ವೀಸ್ ಇತ್ತು" ಎಂದು ಇನ್ನೊಬ್ಬರು ಮೂಗು ಮುರಿದರು. ಮೂರನೆಯವರು ದನಿ ತಗ್ಗಿಸಿ, ಅದು ಬೇಕೆಂದು ಮಾಡಿದ್ದೇ ಅಲ್ಲ, ಆ ಗಳಿಗೆಯಲ್ಲಿ ಏನೋ ತೋಚಿತು, ಮಾಡಿಬಿಟ್ಟರು ಎಂದರು.

ಸಾಹೇಬರ ಮಗಳು ತಟ್ಟೆ ಹಿಡಿದುಕೊಂಡು ನನ್ನ ಪಕ್ಕದಲ್ಲೇ ನಿಂತಿದ್ದಳು. "ನೀವು ಹೇಳಿ ಅಕ್ಕ, ನೀವು ಅವರ ಜೊತೇಲೇ ಇದ್ರಲ್ಲ. ಆಫೀಸಲ್ಲಿ ನಮ್ಮ ತಂದೆ ಎಂಥ ಮನುಷ್ಯ?" ಎಂದು ಕೇಳಿದಳು. ನಾಲ್ಕಾರು ವರ್ಷ ದಿನವೂ ಎದುರಿಗೆ ಕುಳಿತು ಅವರ ಮಾತನ್ನು ಬರೆದುಕೊಂಡವಳು ನಾನು. ಆದರೂ ಅವರು ಎಂಥವರೆಂದು ಒಂದು ಮಾತಿನಲ್ಲಿ ಹೇಳಲು ನನ್ನಿಂದಾಗಲಿಲ್ಲ. ಈಗ ಬರೆಯಲು ಕುಳಿತಾಗಲೂ ಆಗುವುದೆಂಬ ಧೈರ್ಯವಿಲ್ಲ. ನಡೆದದ್ದನ್ನು ಹೇಳಬಲ್ಲೆ, ಅಷ್ಟೆ.

ಸ್ವಾತಂತ್ರ್ಯ ಬಂದು ಹತ್ತು ವರ್ಷದ ಆಸುಪಾಸಿನಲ್ಲಿ ನಾನು ಮೈಸೂರಿನ ಒಂದು ಸರ್ಕಾರಿ ಕಚೇರಿಗೆ ಟೈಪಿಸ್ಟ್ ಆಗಿ ಸೇರಿದೆ. ಹೊಸ ಕೈಗಾರಿಕೆಗಳನ್ನು ಊರಿಗೆ ತರುವುದು ಆ ಕಚೇರಿಯ ಕೆಲಸ. ಅದಕ್ಕೆಂದೇ ಸರ್ಕಾರ ಒಂದು ಕಾಯಿದೆ ಮಾಡಿತ್ತು. ಗಿರಣಿ, ಗಾಣಗಳಂಥ ಮಾಮೂಲು ಉದ್ಯಮಗಳಿಗಲ್ಲ, ಉನ್ನತ ತಾಂತ್ರಿಕ ಕೈಗಾರಿಕೆಗಳಿಗೆ ಮಾತ್ರ ಅನ್ವಯಿಸುವ ಕಾಯಿದೆ. ಅಂಥದ್ದನ್ನು ಯಾರಾದರೂ ಶುರುಮಾಡಿದರೆ ಮೇಟಗಳ್ಳಿಯ ಕಡೆ ಜಾಗ, ಶೆಡ್ಡು, ವಿದ್ಯುತ್ತು, ಮೊದಲ ಕೆಲವು ವರ್ಷ ತೆರಿಗೆ ವಿನಾಯಿತಿ. ಎಲ್ಲ ಸರಿಯೇ. ಆದರೆ ಉನ್ನತ ತಾಂತ್ರಿಕ ಕೈಗಾರಿಕೆ ಎಂದರೆ ಯಾವುದು? ಕಾಯಿದೆಯ ಮೊದಲ ಪುಟದಲ್ಲೇ ಅದರ ವಿವರಣೆಯಿತ್ತು. ರಾಜ್ಯದಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿಲ್ಲದ ತಾಂತ್ರಿಕ ಜ್ಞಾನದಿಂದ ನಡೆಯುವ ಕೈಗಾರಿಕೆ ಎಂದು. ಸಾಮಾನ್ಯ ಎಂದರೆ ಯಾವುದೆಂಬುದಕ್ಕೆ ಮಾತ್ರ ವಿವರಣೆ ಇರಲಿಲ್ಲ. ನಾನು ಅದನ್ನು ಎಷ್ಟು ಸಲ ಟೈಪ್ ಮಾಡಿದೆನೋ. ಪ್ರತಿ ಸಲವೂ ಅರ್ಥವಾದಂತೆ ಅನ್ನಿಸುತ್ತಿತ್ತು, ಮುಗಿಸುವ ಹೊತ್ತಿಗೆ ಎಲ್ಲ ಕಲಸಿಹೋಗುತ್ತಿತ್ತು.

ಆ ಕಾಯಿದೆಯನ್ನು ಮೈಸೂರಿನಲ್ಲಿ ಜಾರಿಗೆ ತರಬೇಕಾದವರು ನಮ್ಮ ಸಾಹೇಬರು. ಎತ್ತರದ ಆಳು, ತೆಳ್ಳಗೆ, ಯಾವಾಗಲೂ ಕುತ್ತಿಗೆಯವರೆಗೆ ಗುಂಡಿ ಹಾಕಿದ ಬಿಳಿಯ ಕೋಟು. ಇಂಜಿನಿಯರಿಂಗ್ ಓದಿದವರು. ಎದುರಿಗಿದ್ದವರು ಮಾತಾಡುವಾಗ ಅವರ ಮುಖವನ್ನೇ, ಅದರಲ್ಲೂ ಬಾಯಿಯನ್ನೇ ದಿಟ್ಟಿಸುತ್ತಿದ್ದರು. ಹೊಸದರಲ್ಲಿ ನನಗೆ ತುಂಬಾ ಮುಜುಗರವಾಗುತ್ತಿತ್ತು. "ಸುಳ್ಳು ಹೇಳಿದ್ರೆ ತುಟೀಲೇ ಕಂಡುಹಿಡೀತಾರೆ" ಎಂದು ಗುಮಾಸ್ತರು ನನ್ನನ್ನು ಹೆದರಿಸಿದ್ದರು.

ಯಾರು ಏನೇ ಕೇಳಿಕೊಂಡು ಬಂದರೂ ಸಾಹೇಬರ ಉತ್ತರ ಒಂದೇ. "ಬರೆದು ಕೊಡಿ." ಶಿಫಾರಸು ಹಿಡಿದು ಬಂದವರು ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಲು ನೋಡಿದರೆ ಹಿಂದಕ್ಕೆ ಸರಿದು, "ಬರೆದು ಕೊಡಿ" ಎನ್ನುತ್ತಿದ್ದರು. ಪಿಸುಮಾತಿನಲ್ಲಿ ಹೇಳಬೇಕಾದದ್ದನ್ನು ಬರೆದು ಕೊಡುವ ಧೈರ್ಯ ಯಾರಿಗಿರುತ್ತದೆ? ಅವರು ಬಂದ ದಾರಿಗೆ ಸುಂಕವಿಲ್ಲದೆ ಹೋಗುತ್ತಿದ್ದರು. ಹೀಗಾಗಿ ಸಾಹೇಬರು ಕಡು ಪ್ರಾಮಾಣಿಕರು ಎಂಬ ಹೆಸರು ಊರಲ್ಲೆಲ್ಲ ಹಬ್ಬಿತು. ಟೆಲಿಫೋನನ್ನಂತೂ ಅವರು ಮುಟ್ಟುತ್ತಲೇ ಇರಲಿಲ್ಲ. "ಟೆಲಿಫೋನಲ್ಲಿ ಹೇಳಿದ್ದು ಕಾನೂನಲ್ಲ ಅಂತ ಹೇಳಮ್ಮ ಅವರಿಗೆ" ಎಂದು ನನ್ನ ಕೈಗೇ ಬಿಡುತ್ತಿದ್ದರು. ಬೆಂಗಳೂರಿನ ಹಿರಿಯ ಅಧಿಕಾರಿಗಳಿಗೆ ಆ ಮಾತನ್ನು ಹೇಗೆ ಹೇಳುವುದು ಎಂದು ನಾನು ಒದ್ದಾಡುತ್ತಿದ್ದೆ.

ಕಾಯಿದೆಯ ವಿಷಯ ವ್ಯಾಪಾರಸ್ಥರಿಗೆ ತಿಳಿಸಬೇಕೆಂದು ಒಮ್ಮೆ ದೇವರಾಜ ಮೊಹಲ್ಲಾದ ಒಂದು ಛತ್ರದಲ್ಲಿ ಸಭೆ ಕರೆದರು. ಬಟ್ಟೆಯವರು, ಎಣ್ಣೆ ಗಾಣದವರು, ಊದುಬತ್ತಿಯವರು ಎಲ್ಲ ಬಂದಿದ್ದರು. ಸಾಹೇಬರು ಬಹಳ ಚೆನ್ನಾಗಿ ಮಾತಾಡಿದರು. "ನಮ್ಮೂರಲ್ಲಿ ಗಂಧ ಇದೆ, ಅದು ಮರ ಕೊಟ್ಟಿದ್ದು. ರೇಷ್ಮೆ ಇದೆ, ಅದು ಹುಳ ಕೊಟ್ಟಿದ್ದು. ನಮ್ಮ ತಲೆಯಿಂದ ನಾವು ಮಾಡಿದ್ದು ಏನಿದೆ ಹೇಳಿ?" ಎಂದರು. ಜನ ತಲೆದೂಗಿದರು. ಆಮೇಲೆ ಪ್ರಶ್ನೆಗಳು ಶುರುವಾದವು.

ಹಿಂದಿನ ಸಾಲಿನಲ್ಲಿದ್ದ ಎಣ್ಣೆ ಗಾಣದ ಮಾಲೀಕರೊಬ್ಬರು ಎದ್ದು, "ಉನ್ನತ ಅಂತೀರಲ್ಲ ಸ್ವಾಮಿ, ಎಷ್ಟು ಉನ್ನತ ಇರ್ಬೇಕು?" ಎಂದು ಕೇಳಿದರು.

"ಹದಿನಾಲ್ಕು ಅಡಿ. ಮೇಲೆ ಶೀಟು ಬೇರೆ" ಎಂದರು ಸಾಹೇಬರು.

ಸಭೆಯಲ್ಲಿ ಯಾರೂ ನಗಲಿಲ್ಲ. ಸರ್ಕಾರದವರು ಹೇಳಿದ ಮೇಲೆ ಏನೋ ಇರಬೇಕು ಎಂದುಕೊಂಡು ಕೆಲವರು ಅದನ್ನು ಬರೆದುಕೊಂಡರು. ಊದುಬತ್ತಿಯವರು, "ಹೊಸೆಯೋಕೆ ಮೆಷಿನ್ ತರಿಸ್ಕೊಂಡ್ರೆ ಅದು ಇದರಲ್ಲಿ ಬರ್ತದಾ?" ಎಂದದ್ದಕ್ಕೆ, "ಅದು ಮುಂದಿನ ತಿಂಗಳು ಬರುತ್ತೆ" ಎಂದರು. ಜನ ಗೊಂದಲದಲ್ಲಿ ಮನೆಗೆ ಹೋದರು. ಜೀಪಿನಲ್ಲಿ ವಾಪಸು ಬರುವಾಗ ನಾನು ಮೆಲ್ಲಗೆ, "ಸಾರ್, ಅವರು ಕೇಳಿದ್ದು ಕಟ್ಟಡದ ಎತ್ತರ ಅಲ್ಲ" ಎಂದೆ. ಅವರು ಹೊರಗೆ ನೋಡುತ್ತಲೇ ಇದ್ದರು. ನನ್ನ ಮಾತು ಉದ್ಧಟತನವಾಯಿತೇನೋ ಎಂದು ನಾನು ದಾರಿಯುದ್ದಕ್ಕೂ ಪೇಚಾಡಿಕೊಂಡೆ.

ಸಾಹೇಬರಿಗೆ ಆ ಕಾಯಿದೆಯಲ್ಲಿ ನಂಬಿಕೆ ಇತ್ತೇ? ಒಂದೊಂದು ದಿನ ಇತ್ತು ಅನ್ನಿಸುತ್ತಿತ್ತು. ಅದರ ಕಲಮುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದರು. ಪುಸ್ತಕ ನೋಡದೆ ನನಗೆ ಹೇಳಿ ಬರೆಸುತ್ತಿದ್ದರು. ಇನ್ನೊಂದು ದಿನ ಮೇಟಗಳ್ಳಿಗೆ ಹೋದಾಗ, ಸರ್ವೆಯವರು ನೆಟ್ಟ ಕಲ್ಲುಗಳ ನಡುವೆ ಮೇಕೆಗಳು ಮೇಯುತ್ತಿದ್ದುದನ್ನು ನೋಡುತ್ತ ನಿಂತು, "ಮೇಕೆಗಳಿಗಾದ್ರೂ ಒಂದು ಜಾಗ ಆಯ್ತಲ್ಲ" ಎಂದರು. ಅದು ತಮಾಷೆಯೋ ಬೇಸರವೋ ನನಗೆ ತಿಳಿಯಲಿಲ್ಲ. ಒಂದು ಅರ್ಜಿಯಾದರೂ ಬರಬೇಕಲ್ಲ ಎಂದು ಬೆಂಗಳೂರಿನಿಂದ ಜ್ಞಾಪನಗಳು ಬರುತ್ತಲೇ ಇದ್ದವು.

ಹಾಗಿರುವಾಗ ಮಹದೇವಪ್ಪ ಬಂದರು.

ದೇವರಾಜ ಮೊಹಲ್ಲಾದಲ್ಲಿ ಅವರದು ಬಟ್ಟೆ ಅಂಗಡಿ. ಅಜ್ಜನ ಕಾಲದಿಂದ ನಡೆದು ಬಂದದ್ದು. ಮಹದೇವಪ್ಪನವರಿಗೆ ಮಾತ್ರ ಬಟ್ಟೆಯಲ್ಲಿ ಮನಸ್ಸಿಲ್ಲ. ಕಾಲೇಜಿನಲ್ಲಿ ವಿಜ್ಞಾನ ಓದಿ ರೇಡಿಯೋ ಹುಚ್ಚು ಹತ್ತಿಸಿಕೊಂಡಿದ್ದರು. ಅಂಗಡಿಯ ಹಿಂದಿನ ಕೋಣೆಯಲ್ಲಿ ತಂತಿ, ಬೆಸುಗೆ, ಬ್ಯಾಟರಿಗಳ ರಾಶಿ ಹಾಕಿಕೊಂಡು ಕೂರುತ್ತಿದ್ದರು. ಅವರ ತಾಯಿಗೆ ಕಿವಿ ಕೇಳುತ್ತಿರಲಿಲ್ಲ. ತಾಯಿಗೆಂದು ಅವರೊಂದು ಕಿವಿ ಮೆಷಿನ್ ಮಾಡಿದ್ದರು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಡಬ್ಬಿ, ಅದರಿಂದ ಹೊರಟ ಒಂದು ವೈರು, ವೈರಿನ ಕೊನೆಗೆ ಕಿವಿಗೆ ಸಿಕ್ಕಿಸುವ ಗುಂಡಿ. ಅಂಥದ್ದನ್ನು ಆಗ ಹೊರದೇಶದಿಂದಲೇ ತರಿಸಬೇಕಿತ್ತು.

ಮಹದೇವಪ್ಪನವರದು ಭಾರಿ ಬಾಯಿ. ತಾವೇ ಮೊದಲು, ತಮ್ಮಂಥವರು ಇನ್ನೊಬ್ಬರಿಲ್ಲ ಎಂಬ ಧೋರಣೆ. ಸಾಹೇಬರ ಮುಂದೆ ಕುರ್ಚಿ ಎಳೆದುಕೊಂಡು ಕುಳಿತು ಒಂದೇ ಉಸಿರಿಗೆ ಎಲ್ಲ ಒದರಿದರು. ಸಾಹೇಬರು ಎಂದಿನಂತೆ, "ಬರೆದು ಕೊಡಿ" ಎಂದರು.

"ಬರೆದು ಕೊಡೋದಲ್ಲ ಸಾರ್ ಇದು. ಕೇಳಿಸ್ಕೊಳೋದು" ಎಂದು ಮಹದೇವಪ್ಪ ಡಬ್ಬಿಯನ್ನು ಮೇಜಿನ ಮೇಲಿಟ್ಟರು.

ಸಾಹೇಬರು ಅದನ್ನು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಕೋಟು ಸರಿಮಾಡಿಕೊಂಡು, "ನಿಮ್ಮ ಕೋಣೆಗೆ ಬಂದು ನೋಡಬೇಕು" ಎಂದರು. ಯಾರ ಅರ್ಜಿಗೂ ಅವರು ಅಷ್ಟು ಬೇಗ ಎದ್ದದ್ದನ್ನು ನಾನು ನೋಡಿರಲಿಲ್ಲ.

ಟಿಪ್ಪಣಿ ಬರೆದುಕೊಳ್ಳಲು ನಾನೂ ಹೋದೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಮಹದೇವಪ್ಪನವರ ತಾಯಿ ಮೆಷಿನ್ ಸಿಕ್ಕಿಸಿಕೊಂಡು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಹಣೆಯ ತುಂಬ ವಿಭೂತಿ, ಸಣ್ಣ ಜೀವ. ಸಾಹೇಬರು ಅವರ ಎದುರಿಗೆ ಕುಳಿತು, "ಏನು ಕೇಳಿಸ್ತಿದೆ ತಾಯಿ?" ಎಂದು ಕೇಳಿದರು.

"ಬೀದೀಲಿ ಹೂವಿನೋಳು ಕೂಗ್ತಾವಳೆ ಬುದ್ಧಿ" ಎಂದರು ಆಕೆ, ಅಕ್ಕಿಯಿಂದ ಕಣ್ಣೆತ್ತದೆ.

ಸಾಹೇಬರು ಬೀದಿಯ ಕಡೆ ತಿರುಗಿದರು. ಆಮೇಲೆ ನನ್ನ ಮುಖ ನೋಡಿ, "ಹೂವಿನವಳು ಬಂದಿದ್ದಾಳಾ?" ಎಂದರು. ಹೌದು ಸಾರ್ ಎಂದೆ. ಅವಳು ಬಾಗಿಲ ಹತ್ತಿರವೇ ನಿಂತು ಮಲ್ಲಿಗೆ ಮಲ್ಲಿಗೆ ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದಳು. ಹೆಂಡತಿಗೆ ಹೂವು ತೆಗೆದುಕೊಂಡು ಹೋಗುವ ಮನಸ್ಸು ಸಾಹೇಬರಿಗಿರಬೇಕು ಎಂದುಕೊಂಡೆ. ಅವರು ಮಾತ್ರ ಹೂವಿನವಳನ್ನು ಕರೆಯಲಿಲ್ಲ, ಆ ಮುದುಕಿಯ ಕಿವಿಯನ್ನೇ ನೋಡುತ್ತ ಕುಳಿತರು. "ತಾವೂ ಒಂದ್ಸಲ ಹಾಕ್ಕೊಂಡು ನೋಡಿ ಸಾರ್" ಎಂದು ಮಹದೇವಪ್ಪ ಇನ್ನೊಂದು ಮೆಷಿನ್ ಮುಂದೆ ಹಿಡಿದಾಗ ಬೆಂಕಿ ಮುಟ್ಟಿದವರಂತೆ ಕೈ ಹಿಂದಕ್ಕೆ ತೆಗೆದುಕೊಂಡು, "ಬೇಡ, ಬೇಡ. ಶಿಫಾರಸು ಮಾಡೋ ಅಧಿಕಾರಿ ನಾನು" ಎಂದು ಎದ್ದುಬಿಟ್ಟರು.

ಮಹದೇವಪ್ಪನವರ ಅರ್ಜಿ ಬೆಂಗಳೂರಿಗೆ ಹೋಯಿತು. ಅಲ್ಲಿಂದ ಪ್ರಶ್ನೆ ಬಂತು. ರೇಡಿಯೋ ರಿಪೇರಿ ಮಾಡುವವರು ಊರೂರಿಗೂ ಇರುವಾಗ ಇದು ಸಾಮಾನ್ಯ ಜ್ಞಾನವೇ ಅಲ್ಲವೇ, ಉನ್ನತ ಹೇಗಾದೀತು? ಸಾಹೇಬರು ಉತ್ತರ ಬರೆಸಿದರು. ರೇಡಿಯೋ ಎಲ್ಲರಿಗೂ ಕೇಳಿಸುವ ಯಂತ್ರ, ಇದು ಕೇಳದವರಿಗೆ ಕೇಳಿಸುವ ಯಂತ್ರ, ಎರಡೂ ಒಂದಲ್ಲ. ಮತ್ತೆ ಪ್ರಶ್ನೆ ಬಂತು. ಹೊಸದೇ ಆದರೆ ಅರ್ಜಿದಾರರಿಗೆ ಇದರಲ್ಲಿ ಅನುಭವವಿದೆ ಎನ್ನುವುದು ಹೇಗೆ? ಅನುಭವವಿದ್ದರೆ ಅದು ಹೊಸದು ಎನ್ನುವುದು ಹೇಗೆ? ಇದನ್ನು ಓದಿ ನನಗೆ ತಲೆ ತಿರುಗಿತು. ಸಾಹೇಬರು ಮಾತ್ರ ಒಂದಿಡೀ ಮಧ್ಯಾಹ್ನ ಕಿಟಕಿಯ ಹತ್ತಿರ ಕುಳಿತು, ಕೊನೆಗೆ, "ಬಂದು ನೋಡಲಿ ಅಂತ ಬರಿ. ಕಾಯಿದೆಯಲ್ಲಿ ಪ್ರಾತ್ಯಕ್ಷಿಕೆಗೆ ಅವಕಾಶ ಇದೆ" ಎಂದರು.

ಕಮಿಟಿಯವರು ಬಂದರು. ಮೂವರು. ನಮ್ಮ ಕಚೇರಿಯ ದೊಡ್ಡ ಕೋಣೆಯಲ್ಲೇ ಏರ್ಪಾಡು. ಅಧ್ಯಕ್ಷರು ನಡುವೆ ಕುಳಿತರು. ಮಹದೇವಪ್ಪ ಹೊಸ ಕೋಟು ಹಾಕಿಕೊಂಡು ಬಂದು ಅರ್ಧ ಗಂಟೆ ಭಾಷಣ ಬಿಗಿದರು. ಆಮೇಲೆ ತಾಯಿಯನ್ನು ಕರೆತಂದು ಕುರ್ಚಿಯ ಮೇಲೆ ಕೂರಿಸಿ ಮೆಷಿನ್ ಸಿಕ್ಕಿಸಿದರು. ಆಕೆಯನ್ನು ನೋಡಿ ಸದಸ್ಯರಿಬ್ಬರು ಆಗಲೇ ಏನೋ ಪಿಸುಗುಟ್ಟಿಕೊಂಡು ನಕ್ಕರು. ಆಕೆ ಸೆರಗು ಹೊದ್ದು ಮುದುಡಿ ಕುಳಿತರು.

"ಕೇಳಿಸುತ್ತೇನಮ್ಮ?" ಎಂದರು ಅಧ್ಯಕ್ಷರು. ಆಕೆ ನೆಲ ನೋಡಿದರು.

"ನಿಮ್ಮ ಹೆಸರೇನು?" ಉತ್ತರವಿಲ್ಲ.

"ಹೇಳವ್ವ, ಮನೇಲಿ ಎಲ್ಲಾನೂ ಹೇಳ್ತಿದ್ದಲ್ಲ" ಎಂದು ಮಹದೇವಪ್ಪ ಅಂಗಲಾಚಿದರು. ಡಬ್ಬಿಯ ತಿರುಪನ್ನು ಅತ್ತ ತಿರುಗಿಸಿದರು, ಇತ್ತ ತಿರುಗಿಸಿದರು. ಅದು ಕುಯ್ಯೋ ಎಂದು ಸಿಳ್ಳೆ ಹಾಕಿತು. ಕಮಿಟಿಯ ಸದಸ್ಯರೊಬ್ಬರು ಪಕ್ಕದವರ ಕಡೆ ಬಾಗಿ, ಮೆಲುದನಿಯಲ್ಲಿ, "ಮುದುಕಿಗೆ ಕಿವೀನೂ ಇಲ್ಲ, ತಲೇನೂ ಇಲ್ಲ" ಎಂದು ನಕ್ಕರು. ಆಕೆ ಸೆರಗನ್ನು ಮುಖದ ಮೇಲೆ ಇನ್ನಷ್ಟು ಎಳೆದುಕೊಂಡರು.

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡು, "ಪ್ರಾತ್ಯಕ್ಷಿಕೆ ವಿಫಲ ಅಂತ ಬರೆದು ಮುಗಿಸಿಬಿಡಿ" ಎಂದು ಸಾಹೇಬರಿಗೆ ಹೇಳಿದರು. ಮಹದೇವಪ್ಪ ಡಬ್ಬಿಯ ತಿರುಪು ಹಿಡಿದುಕೊಂಡೇ ನಿಂತುಬಿಟ್ಟರು. ಅಷ್ಟು ಮಾತಿನ ಮನುಷ್ಯ ಹಾಗೆ ನಿಂತದ್ದನ್ನು ನೋಡಲಾಗುತ್ತಿರಲಿಲ್ಲ.

ಸಾಹೇಬರು ಅಧ್ಯಕ್ಷರ ತುಟಿಯನ್ನು ನೋಡುತ್ತಿದ್ದರು. ನಿಧಾನವಾಗಿ ಎದ್ದು ಬಂದು, ಆ ತಾಯಿಯ ಕಿವಿಯಿಂದ ಗುಂಡಿಯನ್ನು ಮೆಲ್ಲಗೆ ತೆಗೆದುಕೊಂಡರು. ತಮ್ಮ ಕಿವಿಗೆ ಸಿಕ್ಕಿಸಿಕೊಂಡರು. ಡಬ್ಬಿಯನ್ನು ಕೋಟಿನ ಜೇಬಿಗೆ ಹಾಕಿಕೊಂಡರು.

"ನನ್ನ ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿಗೆ ಎದುರಿಗೆ ನಿಂತು ಜೋರಾಗಿ ಹೇಳಿದ್ರೆ ಸ್ವಲ್ಪ ಕೇಳಿಸುತ್ತೆ. ಮಿಕ್ಕಿದ್ದು ಬಾಯಿ ನೋಡಿ ತಿಳ್ಕೊತೀನಿ. ಏಳೆಂಟು ವರ್ಷ ಆಯ್ತು" ಎಂದರು. "ಈಗ ನಾನು ಗೋಡೆ ಕಡೆ ತಿರುಗಿ ನಿಲ್ತೀನಿ. ತಾವು ಏನಾದರೂ ಹೇಳಿ."

ನನ್ನ ಕೈಯಲ್ಲಿದ್ದ ಪೆನ್ಸಿಲು ಅಲ್ಲೇ ನಿಂತಿತು. ಬರೆದು ಕೊಡಿ, ಹದಿನಾಲ್ಕು ಅಡಿ, ಮುಟ್ಟದ ಟೆಲಿಫೋನು, ಎಲ್ಲ ಒಟ್ಟಿಗೆ ತಲೆಯೊಳಗೆ ನುಗ್ಗಿ ಬಂದವು. ಇಷ್ಟು ದಿನ ನನಗೆ ಹೊಳೆಯಲೇ ಇಲ್ಲವಲ್ಲ.

ಅಧ್ಯಕ್ಷರು ಕೈಯಲ್ಲಿದ್ದ ಕಾಯಿದೆಯ ಪುಸ್ತಕದಿಂದಲೇ ಎರಡು ಸಾಲು ಓದಿದರು. ಸಾಹೇಬರು ಗೋಡೆ ನೋಡುತ್ತಲೇ ಅದನ್ನು ಚಾಚೂ ತಪ್ಪದೆ ಹೇಳಿದರು. "ಇದು ಅವರಿಗೆ ಬಾಯಿಪಾಠ ಇರಬಹುದು" ಎಂದು ಸದಸ್ಯರೊಬ್ಬರು ತಕರಾರು ತೆಗೆದರು. ಗೋಡೆಯ ಕಡೆಯಿಂದಲೇ ಸಾಹೇಬರು, "ಬಾಯಿಪಾಠ ಇದೆ, ನಿಜ. ಬೇರೆ ಏನಾದರೂ ಹೇಳಿ" ಎಂದರು. ಆ ಮಾತು ಕೇಳಿಸಿತೆನ್ನುವುದೇ ಪರೀಕ್ಷೆ ಪಾಸಾದಂತೆ ಎಂಬುದು ಆ ಗಡಿಬಿಡಿಯಲ್ಲಿ ಯಾರಿಗೂ ಹೊಳೆಯಲಿಲ್ಲ. ಬೇರೆ ಏನು ಹೇಳುವುದೆಂದು ಎಲ್ಲರೂ ಮುಖ ಮುಖ ನೋಡಿಕೊಂಡರು.

ಆಗ ಸಾಹೇಬರೇ, "ಯಾರು ಅಳ್ತಿರೋದು?" ಎಂದರು.

ನಾವು ತಿರುಗಿ ನೋಡಿದೆವು. ಮಹದೇವಪ್ಪನವರ ತಾಯಿ ಸೆರಗಿನೊಳಗೆ ಮುಖ ಹುದುಗಿಸಿಕೊಂಡು ಸದ್ದಿಲ್ಲದಂತೆ ಬಿಕ್ಕುತ್ತಿದ್ದರು. ಕಿವಿ ನೆಟ್ಟಗಿದ್ದ ನಮಗೆ ಯಾರಿಗೂ ಅದು ಕೇಳಿಸಿರಲಿಲ್ಲ.

ಅಧ್ಯಕ್ಷರು ಪುಸ್ತಕ ಮುಚ್ಚಿಟ್ಟರು. ಪ್ರಾತ್ಯಕ್ಷಿಕೆ ಯಶಸ್ವಿ ಎಂದು ನಾನು ಅವತ್ತೇ ಟೈಪ್ ಮಾಡಿದೆ.

ಎಲ್ಲರೂ ಹೋದ ಮೇಲೆ ಮಹದೇವಪ್ಪ ತಾಯಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು, ಮತ್ತೆ ಮೆಷಿನ್ ಹಾಕಿ, "ಯಾಕವ್ವ, ನಿಂಗೆ ಕೇಳುಸ್ನಿಲ್ವಾ?" ಎಂದು ಕೇಳಿದರು.

"ಕೇಳುಸ್ತು ಕಣಪ್ಪ. ಅವರಂದಿದ್ದೆಲ್ಲಾ ಕೇಳುಸ್ತು. ಅದುಕ್ಕೇ ಸುಮ್ಕಾದೆ" ಎಂದರು ಆಕೆ.

ಸಾಹೇಬರು ಮೆಷಿನ್ನನ್ನು ಅವತ್ತೇ ವಾಪಸು ಕೊಟ್ಟುಬಿಟ್ಟರು. ಒಂದನ್ನು ಇಟ್ಟುಕೊಳ್ಳಿ ಎಂದು ಮಹದೇವಪ್ಪ ಎಷ್ಟು ಹೇಳಿದರೂ ಕೇಳಲಿಲ್ಲ. ಮಾರನೆಯ ದಿನದಿಂದ ಮತ್ತೆ ಅದೇ ನೆಟ್ಟ ನೋಟ, ಅದೇ ಬರೆದು ಕೊಡಿ. ವ್ಯತ್ಯಾಸವೆಂದರೆ ಈಗ ನಾವೆಲ್ಲ ಅವರ ಎದುರಿಗೆ ಬಂದು ನಿಂತು, ಬಾಯಿ ಅಗಲಿಸಿ, ಕೂಗಿ ಕೂಗಿ ಮಾತಾಡತೊಡಗಿದೆವು. ಅದು ಅವರಿಗೆ ಎಷ್ಟು ಹಿಂಸೆಯಾಯಿತೋ.

ಯಾಕೆ ಹಾಗೆ ಮಾಡಿದಿರಿ ಎಂದು ಎಲ್ಲರೂ ಅವರನ್ನು ಕೇಳಿದರು. ಎಲ್ಲರಿಗೂ ಒಂದೊಂದು ಉತ್ತರ. ಅದು ನನ್ನ ಕರ್ತವ್ಯ ಎಂದು ಬೆಂಗಳೂರಿಗೆ ಬರೆದರು. ಹೊಸ ಬ್ಯಾಟರಿ ದಂಡವಾಗುತ್ತಿತ್ತಲ್ಲ ಎಂದು ಮಹದೇವಪ್ಪನವರಿಗೆ ಹೇಳಿದರಂತೆ. ನಾನು ಧೈರ್ಯ ಮಾಡಿ ಕೇಳಿದಾಗ, "ಪ್ರಾತ್ಯಕ್ಷಿಕೆ ಆಗಬೇಕು ಅಂತ ಕಾಯಿದೆಯಲ್ಲಿದೆ. ಯಾರ ಕಿವಿಯಲ್ಲಿ ಅಂತ ಇಲ್ಲ" ಎಂದರು. ಮನೆಯಲ್ಲಿ ಹೆಂಡತಿಗೆ, "ಸಾಕಾಗಿತ್ತು" ಎಂದಷ್ಟೇ ಹೇಳಿದ್ದರಂತೆ. ಇವುಗಳಲ್ಲಿ ಯಾವುದು ನಿಜ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಎಲ್ಲವೂ ನಿಜವಿರಬಹುದು ಎಂದು ಒಮ್ಮೆ, ಯಾವುದೂ ಅಲ್ಲ ಎಂದು ಇನ್ನೊಮ್ಮೆ ಅನ್ನಿಸುತ್ತದೆ.

ಇಷ್ಟಕ್ಕೇ ಮುಗಿಯಲಿಲ್ಲ. ಶಿಫಾರಸು ಮಾಡುವ ಅಧಿಕಾರಿಗೆ ಆ ಉದ್ಯಮದಲ್ಲಿ ಹಿತಾಸಕ್ತಿ ಇರಕೂಡದು ಎಂದು ಕಾಯಿದೆ ಹೇಳುತ್ತಿತ್ತು. ಕಿವುಡರಾದ ಅಧಿಕಾರಿಗೆ ಕಿವಿ ಮೆಷಿನ್ನಿನಲ್ಲಿ ಹಿತಾಸಕ್ತಿ ಇದೆಯೇ ಇಲ್ಲವೇ? ಕಾನೂನು ಬಲ್ಲವರಿಗೆ ಕಡತ ಹೋಯಿತು. ಹಿತಾಸಕ್ತಿ ಎಂದರೆ ಪಾಲು ಅಥವಾ ಲಾಭ, ಕೇಳಿಸಿಕೊಳ್ಳುವುದು ಲಾಭವಲ್ಲ ಎಂದು ತಿಂಗಳುಗಳ ಮೇಲೆ ಅಭಿಪ್ರಾಯ ಬಂತು. ಮಹದೇವಪ್ಪನವರಿಗೆ ಮೇಟಗಳ್ಳಿಯಲ್ಲಿ ಶೆಡ್ಡು ಸಿಕ್ಕಿತು. ಇನ್ನು ಮುಂದೆ ಇಲಾಖೆಯ ನೌಕರರು ಪ್ರಾತ್ಯಕ್ಷಿಕೆಗೆ ಒಳಗಾಗಕೂಡದು ಎಂದು ನಿಯಮಗಳಿಗೆ ಒಂದು ಸಾಲು ಸೇರಿಸಿದರು. ಅದನ್ನೂ ನಾನೇ ಟೈಪ್ ಮಾಡಿದೆ. ಆ ಸಾಲು ಯಾರಿಂದ ಹುಟ್ಟಿತೆಂದು ಅದನ್ನು ಮುಂದೆ ಓದಿದವರಿಗೆ ಹೇಗೆ ಗೊತ್ತಾಗಬೇಕು?

ಅದರ ಜೊತೆಗೇ ಸಾಹೇಬರ ಹೆಸರಿನಲ್ಲಿ ಇನ್ನೊಂದು ಕಡತ ತೆರೆಯಿತು. ವೈದ್ಯರ ಮುಂದೆ ಅವರನ್ನು ನಿಲ್ಲಿಸಿದರು. ಮೆಷಿನ್ ಹಾಕಿದರೆ ಕೆಲಸಕ್ಕೆ ಯೋಗ್ಯರು, ತೆಗೆದರೆ ಅಲ್ಲ. ಕನ್ನಡಕ ಹಾಕಿಕೊಂಡವರು ಕೆಲಸ ಮಾಡಬಹುದೆಂಬ ನಿಯಮವಿತ್ತು, ಕಿವಿ ಮೆಷಿನ್ ಹಾಕಿಕೊಂಡವರ ಮಾತು ಎಲ್ಲೂ ಇರಲಿಲ್ಲ. ಯಾರೂ ಅವರ ಮೇಲೆ ಹಗೆ ಸಾಧಿಸಲಿಲ್ಲ, ಎಲ್ಲರೂ ಮರುಕಪಟ್ಟರು. ಮರುಕಪಡುತ್ತಲೇ ಮನೆಗೆ ಕಳಿಸಿದರು. ಕೊನೆಯ ದಿನ ಅವರು ಬೀಳ್ಕೊಡುಗೆ ಸಭೆ ಬೇಡವೆಂದರು. "ಭಾಷಣ ಮಾಡಬೇಡಿ. ಬರೆದು ಕೊಡಿ" ಎಂದು ಸಣ್ಣಗೆ ನಕ್ಕು, ಕೋಟಿನ ಗುಂಡಿ ಹಾಕಿಕೊಂಡು ಇಳಿದು ಹೋದರು.

ಮಹದೇವಪ್ಪನವರ ಶೆಡ್ಡಿನಿಂದ ಒಂದಷ್ಟು ಕಿವಿ ಮೆಷಿನ್‌ಗಳು ಹೊರಬಂದವು. ಕೊಳ್ಳುವವರು ಕಡಿಮೆ. ಕಿವಿ ಕೇಳದವರು ಅದನ್ನು ನಾಲ್ಕು ಜನಕ್ಕೆ ಕಾಣುವಂತೆ ತೂಗುಹಾಕಿಕೊಳ್ಳಲು ನಾಚುತ್ತಿದ್ದರು. ಕ್ರಮೇಣ ಅವರು ರೇಡಿಯೋದ ಬಿಡಿಭಾಗಗಳನ್ನು ಮಾಡತೊಡಗಿದರು, ಅದು ಚೆನ್ನಾಗಿ ನಡೆಯಿತು. ರೇಡಿಯೋ ಬಿಡಿಭಾಗ ಉನ್ನತವೋ ಸಾಮಾನ್ಯವೋ ಎಂದು ಆಮೇಲೆ ಯಾರೂ ಕೇಳಲಿಲ್ಲ. ನಮ್ಮ ಕಚೇರಿಯ ವರದಿಗಳಲ್ಲಿ ಮಾತ್ರ ಬಹಳ ಕಾಲ ಅದು ಕಿವಿ ಮೆಷಿನ್ ಕಾರ್ಖಾನೆಯಾಗಿಯೇ ಉಳಿದಿತ್ತು.

ಸಾಹೇಬರು ನಿವೃತ್ತರಾಗಿ ಎರಡು ವರ್ಷದ ಮೇಲೆ ನನ್ನ ಮದುವೆ ಗೊತ್ತಾಯಿತು. ಲಗ್ನಪತ್ರಿಕೆ ಕೊಡಲು ಅಗ್ರಹಾರದ ಅವರ ಮನೆಗೆ ಹೋದೆ. ಬಾಗಿಲು ತೆಗೆದವರೇ ಅವರು. ಪಂಚೆ, ಅಂಗಿ, ಅಂಗಿಯ ಜೇಬಿನಲ್ಲಿ ಮಹದೇವಪ್ಪನವರ ಡಬ್ಬಿ, ಕಿವಿಯಲ್ಲಿ ಗುಂಡಿ. ಕೂರಿಸಿ ಕಾಫಿ ಕೊಡಿಸಿದರು. ಹುಡುಗ ಯಾರು, ಏನು ಮಾಡುತ್ತಾನೆ ಎಂದೆಲ್ಲ ವಿಚಾರಿಸಿದರು. ಶಾಲೆಯ ಮೇಷ್ಟ್ರು, ನಾನು ಕೆಲಸ ಮುಂದುವರಿಸುವುದಕ್ಕೆ ಅವರ ಅಡ್ಡಿಯೇನೂ ಇಲ್ಲ ಎಂದೆ. ಮಾತಾಡುವಾಗ ಅವರು ನನ್ನ ಬಾಯಿಯನ್ನು ನೋಡುತ್ತಿರಲಿಲ್ಲ, ಕಣ್ಣನ್ನು ನೋಡುತ್ತಿದ್ದರು. ನನಗೆ ಬೇರೆ ಯಾರದೋ ಮುಂದೆ ಕುಳಿತಂತಾಗಿ ಮತ್ತೆ ಮುಜುಗರವಾಯಿತು.

ಇದ್ದಕ್ಕಿದ್ದಂತೆ, "ಅಷ್ಟು ವರ್ಷ ನೀನು ನನ್ನ ಹತ್ರ ಎಷ್ಟೋ ಮಾತಾಡಿರಬೇಕು. ಅರ್ಧಕ್ಕರ್ಧ ನನಗೆ ಗೊತ್ತೇ ಆಗಿಲ್ಲ. ಏನಾದ್ರೂ ಮುಖ್ಯವಾದ್ದು ಇತ್ತಾ?" ಎಂದರು.

ಒಂದಿತ್ತು. ಯಾರಿಗೂ ಹೇಳಿರಲಿಲ್ಲ. ಅವರೇ ಕೇಳಿದ್ದರಿಂದ ಹೇಳಿದೆ.

ಕೆಲಸಕ್ಕೆ ಸೇರಿದ ಎರಡನೆಯ ವರ್ಷ ನನಗೊಂದು ದೊಡ್ಡ ಮನೆತನದ ಸಂಬಂಧ ಬಂದಿತ್ತು. ಸೊಸೆ 'ಆಫೀಸಿಗೆ' ಹೋಗುವುದು ಅವರಿಗೆ ಬೇಡ. ನಮ್ಮಪ್ಪ ಹಳ್ಳಿಯಿಂದ ಬಂದು ಊರಲ್ಲಿ ನೆಲೆ ಕಂಡುಕೊಂಡವರು. "ಕೆಲ್ಸ ಬುಟ್ಬುಡು ಮಗ. ಇಂತಾ ಮನೆ ಇನ್ನೊಂದ್ಸಲ ಸಿಕ್ಕಾಕಿಲ್ಲ" ಎಂದು ಹಟ ಹಿಡಿದಿದ್ದರು. ನನಗೆ ದಿಕ್ಕು ತೋಚದೆ, ಒಂದು ಸಂಜೆ ಕಡತ ಕೊಡುವ ನೆವದಲ್ಲಿ ಸಾಹೇಬರ ಮೇಜಿನ ಬಳಿ ನಿಂತು, ತಲೆ ತಗ್ಗಿಸಿಕೊಂಡೇ, ಎಲ್ಲ ಹೇಳಿ, ಕೆಲಸ ಬಿಡಲೇ ಸಾರ್ ಎಂದು ಕೇಳಿದ್ದೆ.

"ನಾನೇನು ಹೇಳಿದೆ?" ಎಂದರು ಸಾಹೇಬರು.

"'ಈ ವರ್ಷ ಆಗಲ್ಲಮ್ಮ. ಇರೋದ್ರಲ್ಲೇ ನಡೆಸ್ಕೊಂಡು ಹೋಗು' ಅಂದ್ರಿ ಸಾರ್. ಸಾಹೇಬರು ಬಿಡಲ್ಲ ಅಂತಾರೆ ಅಂತ ಅಪ್ಪಂಗೆ ಹೇಳ್ದೆ. ಸರ್ಕಾರದೋರು ಹೇಳಿದ ಮೇಲೆ ಅಪ್ಪ ಏನೂ ಅನ್ನಲಿಲ್ಲ. ಆ ಸಂಬಂಧ ತಪ್ಪಿಹೋಯ್ತು."

ಅವರು ಹುಬ್ಬು ಗಂಟಿಕ್ಕಿ ನೆನಪಿಸಿಕೊಂಡರು. ಆಮೇಲೆ ಅವರ ಮುಖ ಕೆಂಪಾಯಿತು. "ನೀನು ಹೊಸ ಟೈಪ್‌ರೈಟರ್ ಕೇಳ್ತಿದ್ದೀಯ ಅಂದ್ಕೊಂಡಿದ್ದೆ" ಎಂದರು.

ನನಗೆ ನಗು ಬಂತು. ನಗುತ್ತಿದ್ದಂತೆ ಕಣ್ಣಲ್ಲಿ ನೀರೂ ಬಂತು. ಅವರು ನಗಲಿಲ್ಲ. ಡಬ್ಬಿಯ ತಿರುಪನ್ನು ಸರಿಮಾಡಿಕೊಂಡು, "ಎಲ್ಲಿ, ಅವತ್ತು ಕೇಳಿದ ಹಾಗೇ ಇನ್ನೊಂದ್ಸಲ ಕೇಳು" ಎಂದರು.

ತಮಾಷೆಯಿರಬೇಕು ಎಂದುಕೊಂಡೆ. ಮುಖ ನೋಡಿದರೆ ತಮಾಷೆಯಾಗಿ ಕಾಣಲಿಲ್ಲ. ಹಾಗಾಗಿ ಕೇಳಿದೆ. ಅಪ್ಪ ಹೀಗೆನ್ನುತ್ತಾರೆ, ನನಗೆ ಇಷ್ಟವಿಲ್ಲ, ಏನು ಮಾಡಲಿ ಸಾರ್. ಅವರು ಕಣ್ಣು ಮುಚ್ಚಿಕೊಂಡು ಕೊನೆಯವರೆಗೂ ಕೇಳಿಸಿಕೊಂಡರು. ಒಳಗೆ ಅವರ ಹೆಂಡತಿ ಪಾತ್ರೆ ತೆಗೆದಿಡುವ ಸದ್ದು ಬರುತ್ತಿತ್ತು.

"ಅವತ್ತು ಕೇಳಿಸಿದ್ದಿದ್ರೆ, ಅಪ್ಪ ಹೇಳಿದ ಹಾಗೆ ಮಾಡು ಅಂತಿದ್ದೆ ಕಣಮ್ಮ" ಎಂದರು. "ಆಗ ನನ್ನ ಬುದ್ಧಿ ಅಷ್ಟೇ ಇದ್ದಿದ್ದು."

ನಾನು ಪತ್ರಿಕೆಯನ್ನು ಅವರ ಕೈಗಿಟ್ಟು ನಮಸ್ಕಾರ ಮಾಡಿ ಎದ್ದೆ. ಬಾಗಿಲವರೆಗೂ ಬಂದು ನಾನು ಚಪ್ಪಲಿ ಮೆಟ್ಟಿಕೊಳ್ಳುವುದನ್ನು ನೋಡುತ್ತ ನಿಂತಿದ್ದವರು, "ಮದುವೆಗೆ ಬರ್ತೀವಿ. ಕೆಲಸ ಮಾತ್ರ ಬಿಡಬೇಡ" ಎಂದರು.

ಈ ಸಲ ನಾನು ಅವರನ್ನು ಏನೂ ಕೇಳಿರಲಿಲ್ಲ.